ಒಳಕೋಣೆಯ ಕಲಾವತಿ

ಕಲಾವತಿಗೆ ಆ ಕೆಲಸ ಸಿಕ್ಕಿದ್ದು ಫೋನಿನಲ್ಲಿ. ಕೈತಪ್ಪಿದ್ದು ಮಾರನೆಯ ದಿನ, ಎದುರಿಗೆ ಹೋಗಿ ನಿಂತಾಗ.

ರಾಜಾಜಿನಗರದಲ್ಲಿ, ಕೆಳಗೆ ಔಷಧಿ ಅಂಗಡಿ, ಮೇಲಿನ ಎರಡು ಮಹಡಿಯಲ್ಲಿ ಡಯಾಲಿಸಿಸ್ ಸೆಂಟರ್ ಇದ್ದ ಒಂದು ಕಟ್ಟಡ. ಕಿಡ್ನಿ ಕೈಕೊಟ್ಟವರು ವಾರಕ್ಕೆ ಎರಡು ಸಲವೋ ಮೂರು ಸಲವೋ ಬಂದು, ನಾಲ್ಕು ಗಂಟೆ ಯಂತ್ರಕ್ಕೆ ತೋಳು ಕೊಟ್ಟು ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಹೋಗುವ ಜಾಗ. ಅಲ್ಲಿ ರಿಸೆಪ್ಷನ್ನಿಗೆ ಹುಡುಗಿ ಬೇಕಂತೆ ಎಂದು ತಮ್ಮ ವೀರೇಶ ಸುದ್ದಿ ತಂದಿದ್ದ. ಅವನು ಊಟದ ಪಾರ್ಸೆಲ್ ಹಂಚುತ್ತ ಇಡೀ ದಿನ ಬೈಕಿನ ಮೇಲೆ ಊರು ಸುತ್ತುವವನು. ಬಾಗಿಲಿಗೆ ಅಂಟಿಸಿದ ಚೀಟಿಯ ಫೋಟೋ ಹೊಡೆದುಕೊಂಡು ಬಂದು ಅಕ್ಕನ ಮುಂದೆ ಹಿಡಿದ.

ಕಲಾವತಿ ಫೋನ್ ಮಾಡಿದಳು. ಆ ಕಡೆ ಮಾತಾಡಿದವನು ಮ್ಯಾನೇಜರ್ ಸಮರ್ಥ. ಬಿ.ಕಾಂ. ಓದಿದ್ದು, ಗಜೇಂದ್ರಗಡದ ಕಾಲೇಜು, ಕಂಪ್ಯೂಟರ್ ಗೊತ್ತಿರುವುದು, ಇಂಗ್ಲಿಷ್ ತಕ್ಕಮಟ್ಟಿಗೆ, ಹಿಂದಿ ಇನ್ನೂ ಸ್ವಲ್ಪ ಚೆನ್ನಾಗಿ, ಎಲ್ಲವನ್ನೂ ಹೇಳಿದಳು. ಅವಳ ದನಿಯೇ ಹಾಗಿತ್ತು. ಅವಸರವಿಲ್ಲ, ಅಂಜಿಕೆಯಿಲ್ಲ, ಕೇಳುವವರ ಎದೆಬಡಿತ ತಾನಾಗಿ ನಿಧಾನವಾಗುವಂಥದ್ದು. ಸಮರ್ಥ ಒಂದು ಪರೀಕ್ಷೆ ಇಟ್ಟ. "ಈಗ ನಾನೊಬ್ಬ ಪೇಷಂಟು ಅಂದ್ಕೊಳ್ಳಿ. ನನ್ ಸ್ಲಾಟ್ ಕ್ಯಾನ್ಸಲ್ ಆಗಿದೆ ಅಂತ ಸಿಟ್ಟಾಗಿ ಕೂಗಾಡ್ತಾ ಇದೀನಿ. ಏನ್ ಹೇಳ್ತೀರಾ?" ಅವಳು ಹೇಳಿದ್ದನ್ನು ಕೇಳಿ ಅವನು ನಕ್ಕುಬಿಟ್ಟ. "ಆಯ್ತು ಮೇಡಂ, ನಾಳೆನೇ ಬನ್ನಿ. ನಿಮ್ಮಂಥೋರೇ ಬೇಕಾಗಿದ್ದಿದ್ದು."

ಗೋವಿಂದರಾಜನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಂದು ಕಸ್ತೂರೆವ್ವ ಮಗಳಿಗಾಗಿ ರವೆ ಬೆಲ್ಲದ ಸಜ್ಜಕ ಮಾಡಿದಳು. ಗಂಡ ದ್ಯಾಮಪ್ಪ ತೀರಿಕೊಂಡ ಮೇಲೆ ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ರೋಣದ ಕಡೆಯಿಂದ ಬಂದು, ವಿಜಯನಗರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ ನಾಲ್ಕು ವರ್ಷ ಕಳೆದವಳು ಅವಳು. ಮಗಳಿಗೆ ಬಾಯಿತುಂಬ ತಿನ್ನಿಸಿದಳೇ ಹೊರತು, ಹೆಚ್ಚು ಮಾತಾಡಲಿಲ್ಲ. ಮಗಳು ಮುಖ ತೋರಿಸಬೇಕಾದ ಕೆಲಸ ಅದು ಎನ್ನುವುದು ಅವಳಿಗೆ ಗೊತ್ತಿತ್ತು.

ಕಲಾವತಿಗೆ ಐದು ವರ್ಷವಿದ್ದಾಗ ಸೀಮೆಎಣ್ಣೆ ಸ್ಟೌ ಭಗ್ಗೆಂದು ಹೊತ್ತಿಕೊಂಡಿತ್ತು. ಎಡಗೆನ್ನೆಯ ಚರ್ಮವೆಲ್ಲ ಸುಕ್ಕುಗಟ್ಟಿ ಕುತ್ತಿಗೆಯವರೆಗೆ ಹಗ್ಗದಂತೆ ಎಳೆದುಕೊಂಡಿತ್ತು. ಎಡಗಣ್ಣಿನ ಕೆಳರೆಪ್ಪೆ ಜಗ್ಗಿ ಒಳಗಿನ ಕೆಂಪು ಕಾಣುತ್ತಿತ್ತು. ತುಟಿಯ ಒಂದು ತುದಿ ಕೆಳಗೆ ಇಳಿದಿತ್ತು. ಬೆಂಗಳೂರಿಗೆ ಬಂದ ಮೇಲೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಗುರುತು ಪರಿಚಯವಿಲ್ಲದವರು ಕೂಡ ಹತ್ತಿರ ಬಂದು ಮರುಕದಿಂದ ಕೇಳುತ್ತಿದ್ದರು, "ಯಾರಮ್ಮಾ ಆಸಿಡ್ ಹಾಕಿದ್ದು?" ಸ್ಟೌ ಅಂದರೆ ಅವರಿಗೆ ಏನೋ ಕಡಿಮೆಯಾದ ಹಾಗೆ ಅನ್ನಿಸುತ್ತಿತ್ತು. ಅದಕ್ಕೂ ಮೊದಲು, ಊರ ಕಡೆಯ ಕಾಲೇಜಿನಲ್ಲಿಯೂ ಅಷ್ಟೆ. ವಾರ್ಷಿಕೋತ್ಸವದಲ್ಲಿ ಕಾರ್ಯಕ್ರಮ ಘೋಷಿಸುವವಳು ಮೂರೂ ವರ್ಷ ಅವಳೇ. ಆದರೆ ಮೈಕು ಇರುತ್ತಿದ್ದದ್ದು ಪರದೆಯ ಹಿಂದೆ.

ಮರುದಿನ ಬೆಳಗ್ಗೆ ಅವಳು ಇಸ್ತ್ರಿ ಮಾಡಿದ ಚೂಡಿದಾರ್ ಹಾಕಿಕೊಂಡು, ಫೈಲು ಹಿಡಿದು, ಮೆಟ್ಟಿಲು ಹತ್ತಿ ಸೆಂಟರಿಗೆ ಹೋದಳು. ಸಮರ್ಥನಿಗೆ ಮೂವತ್ತೈದರ ಆಸುಪಾಸು. ಒಳ್ಳೆಯ ಮನೆಯ, ಮೆತ್ತನೆ ಸ್ವಭಾವದ ಮನುಷ್ಯ. ಅವಳನ್ನು ನೋಡಿದವನೇ ಫೈಲಿನೊಳಗೆ ತಲೆ ಹುದುಗಿಸಿದ. ಅದರಲ್ಲಿ ಓದುವಂಥದ್ದು ಎರಡೇ ಹಾಳೆ. ಅವನು ಬಹಳ ಹೊತ್ತು ಓದಿದ.

"ಅದು... ಫ್ರಂಟ್ ಆಫೀಸ್ ಪೋಸ್ಟು ಬೆಳಗ್ಗೆ ತಾನೆ ಫಿಲ್ ಆಗೋಯ್ತು."

"ಸಾರ್, ನಿನ್ನೆ ಸಾಯಂಕಾಲ ನೀವೇ ಬಾ ಅಂದ್ರಲ್ಲ."

ಅವನು ಪೆನ್ನು ಕೆಳಗಿಟ್ಟ. "ನೋಡಿ ಕಲಾವತಿ, ನಿಮ್ ಹತ್ರ ಸುಳ್ಳು ಯಾಕೆ. ನನಗೆ ಪರ್ಸನಲ್ ಆಗಿ ಏನೂ ಇಲ್ಲ. ಆದ್ರೆ ಇಲ್ಲಿಗೆ ಬರೋರು ಮೊದ್ಲೇ ಹೆದ್ರಿರ್ತಾರೆ. ಬಾಗಿಲು ತೆಗೆದು ಒಳಗೆ ಬಂದ ತಕ್ಷಣ..."

ಅವನು ಪೆನ್ನನ್ನು ಮತ್ತೆ ಎತ್ತಿಕೊಂಡ.

"ನಾನು ಕೆಲಸ ಕೇಳ್ಕೊಂಡು ಬಂದಿದ್ದು ಸಾರ್," ಎಂದಳು ಕಲಾವತಿ. "ವಧುಪರೀಕ್ಷೆಗೆ ಬಂದಿದ್ದಲ್ಲ."

ಮನೆಗೆ ಬಂದಾಗ ವೀರೇಶ ಕುದಿದುಹೋದ. "ಮಾರಿ ನೋಡಿ ಕೆಲಸ ಕೊಡ್ತೀವಿ ಅನ್ನಾಕ ಇವರಿಗೆ ಅಧಿಕಾರ ಕೊಟ್ಟೋರ್ಯಾರು? ಕಂಪ್ಲೇಂಟ್ ಕೊಡೂಣು ಅಕ್ಕ."

"ಯಾರಿಗೆ ಕೊಡ್ತಿ? ಅರ್ಜಿಗೆ ನನ್ನ ಫೋಟೋ ಹಚ್ಚತೀಯೇನು?" ಎಂದಳು.

ಎರಡು ದಿನ ಬಿಟ್ಟು ಸಮರ್ಥನೇ ಫೋನ್ ಮಾಡಿದ. ರಾತ್ರಿಯೆಲ್ಲ ಯೋಚಿಸಿದನೋ, ಅಥವಾ ಅವಳಂಥ ದನಿ ಬೇರೆ ಸಿಗಲಿಲ್ಲವೋ. ಒಳಗಡೆ ಒಂದು ಕೋಣೆಯಿದೆ, ಅಲ್ಲಿ ಕೂತು ಫೋನ್ ನೋಡಿಕೊಳ್ಳುವ ಕೆಲಸ ಮಾಡಬಹುದೇ ಎಂದು ಕೇಳಿದ. ಎರಡು ಕಂಡಿಷನ್ನು. ಹಿಂದಿನ ಮೆಟ್ಟಿಲಿನಿಂದ ಬರಬೇಕು. ಪೇಷಂಟುಗಳಿರುವ ಹೊತ್ತಿನಲ್ಲಿ ಮುಂದಿನ ಹಾಲಿಗೆ ಬರಬಾರದು. ಅದನ್ನು ಹೇಳುವಾಗ "ಪ್ಲೀಸ್" ಎನ್ನುವ ಪದವನ್ನು ಮೂರು ಸಲ ಬಳಸಿದ. ಕಲಾವತಿ ಒಪ್ಪಿದಳು. ಕಸ್ತೂರೆವ್ವನ ಮೊಣಕಾಲು ಆಗಲೇ ಒಲೆಯ ಮುಂದೆ ಕೂರಲು ಬಿಡುತ್ತಿರಲಿಲ್ಲ.

ಆ ಕೋಣೆ ಮೊದಲು ಔಷಧಿ ನೀರಿನ ಕ್ಯಾನುಗಳನ್ನು ಇಡುವ ಜಾಗವಾಗಿತ್ತು. ಒಂದು ಮೇಜು, ಒಂದು ಕಂಪ್ಯೂಟರ್, ಎರಡು ಫೋನು, ಪಕ್ಕದ ಕಟ್ಟಡದ ಗೋಡೆ ಕಾಣುವ ಒಂದು ಕಿಟಕಿ. ಹಾಲಿನ ಕಡೆಗೆ ಒಂದು ಬಾಗಿಲಿತ್ತು. ಅದರ ಬೀಗದ ಹಿಡಿ ಮುರಿದು ಅಲ್ಲೊಂದು ತೂತು ಉಳಿದಿತ್ತು. ಮುಂದಿನ ಕೌಂಟರಿನಲ್ಲಿ ರಾಗಿಣಿ ಎಂಬ ಹುಡುಗಿ ಬಂದು ಕೂತಳು. ಇಪ್ಪತ್ತಮೂರು ವರ್ಷ, ತಿದ್ದಿ ಮಾಡಿದಂಥ ಮುಖ. ಅವಳನ್ನು ಸುಮ್ಮನೆ ಬಿಟ್ಟಿದ್ದರೇ? ಕನ್ನಡಕ ಹಾಕಿಕೊಳ್ಳಬೇಡ ಎಂದು ಹೇಳಿದ್ದರಿಂದ ಅವಳು ಕಣ್ಣೊಳಗೆ ಲೆನ್ಸ್ ಹಾಕಿಕೊಂಡು, ಎ.ಸಿ. ಗಾಳಿಗೆ ಕಣ್ಣು ಕೆಂಪಾಗಿ, ಮಧ್ಯಾಹ್ನ ಊಟಕ್ಕೆ ಒಳಕೋಣೆಗೆ ಬಂದಾಗ ನೀರು ಸುರಿಸುತ್ತ ಕೂರುತ್ತಿದ್ದಳು. ಒಮ್ಮೆ ಕೆನ್ನೆಯ ಮೇಲೆ ಎರಡು ಮೊಡವೆ ಎದ್ದಿದ್ದಕ್ಕೆ, ಮಾಲೀಕರ ಕಡೆಯಿಂದ ಬಂದವರೊಬ್ಬರು ಮೈ ಹುಷಾರಿಲ್ಲವೇ ಎಂದು ಕೊಂಕು ದನಿಯಲ್ಲಿ ಕೇಳಿ ಹೋಗಿದ್ದರಂತೆ. "ನೀನೇ ಲಕ್ಕಿ ಕಣೇ ಅಕ್ಕ, ಒಳಗಡೆ ಆರಾಮಾಗಿರ್ತೀಯಾ," ಎಂದುಬಿಟ್ಟಳು ಒಂದು ದಿನ. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು. ಕಲಾವತಿ ತನ್ನ ಡಬ್ಬಿಯಿಂದ ಶೇಂಗಾ ಚಟ್ನಿ ತೆಗೆದು ಅವಳ ಅನ್ನದ ಮೇಲೆ ಉದುರಿಸಿದಳು. ಅವಳಿಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲೇ ಇಲ್ಲ.

ಕೆಲಸ ಅವಳಿಗೆ ಒಗ್ಗಿತು. ಇನ್ನೂರು ಪೇಷಂಟುಗಳ ಹೆಸರು, ಅವರ ದಿನ, ಅವರ ಹೊತ್ತು ನಾಲಗೆಯ ಮೇಲಿದ್ದವು. ಯಾರಿಗೆ ಆಟೋ ಸಿಗುವುದಿಲ್ಲ, ಯಾರ ಮಗ ಫೋನ್ ಎತ್ತುವುದಿಲ್ಲ, ಯಾರು ಯಂತ್ರಕ್ಕೆ ಹೆದರಿ ಹೊಟ್ಟೆನೋವಿನ ನೆಪ ಹೇಳುತ್ತಾರೆ, ಎಲ್ಲ ಗೊತ್ತಾಯಿತು. ಅವಳು ಮಾತಾಡಿದರೆ ಬಾರದವರೂ ಬರುತ್ತಿದ್ದರು. ಆ ವರ್ಷ ಸ್ಲಾಟ್ ತಪ್ಪಿಸಿಕೊಳ್ಳುವವರ ಸಂಖ್ಯೆ ಅರ್ಧಕ್ಕರ್ಧ ಇಳಿದಿತ್ತು. ಸಮರ್ಥ ದಸರೆಗೆ ಮೈಸೂರುಪಾಕಿನ ಡಬ್ಬಿ ತಂದು ಅವಳ ಮೇಜಿನ ಮೇಲಿಟ್ಟು, ಎಂದಿನಂತೆ ಕಂಪ್ಯೂಟರಿನ ಕಡೆ ನೋಡುತ್ತ ಥ್ಯಾಂಕ್ಸ್ ಹೇಳಿ ಹೋದ.

ತುಂಗಾ ಅವಳ ಬದುಕಿನೊಳಗೆ ಬಂದದ್ದು ಹೀಗೆ ಫೋನಿನಲ್ಲೇ.

ಮಹಾಲಕ್ಷ್ಮಿ ಲೇಔಟಿನ ಗಂಡ ಹೆಂಡತಿ. ಗಂಡ ಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ವಾರಕ್ಕೆ ಮೂರು ಸಲ ಬರುತ್ತಿದ್ದ ಪೇಷಂಟು. ಸೋದರತ್ತೆಯ ಮಗನಾದ್ದರಿಂದ ತುಂಗಾ ಗಂಡನನ್ನು ಎಪ್ಪತ್ತರ ವಯಸ್ಸಿನಲ್ಲೂ ಚಿಕ್ಕಂದಿನ ಹೆಸರಿನಿಂದಲೇ ಕರೆಯುತ್ತಿದ್ದಳು, ನಾಣಿ ಎಂದು. ಮಕ್ಕಳಿರಲಿಲ್ಲ. ಒಂದು ಬೆಳಗ್ಗೆ ನೀರು ಶುದ್ಧ ಮಾಡುವ ಪ್ಲಾಂಟು ಕೆಟ್ಟು ಆ ದಿನದ ಡಯಾಲಿಸಿಸ್ ಎಲ್ಲ ರದ್ದಾಯಿತು. ಕಲಾವತಿ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುತ್ತಿದ್ದಾಗ ಆ ಕಡೆಯಿಂದ ತುಂಗಾ ಅಳತೊಡಗಿದಳು. "ನಾಣಿಗೆ ರಾತ್ರಿಯಿಂದ ಉಸಿರು ಕಟ್ತಾ ಇದೆ ಕಣಮ್ಮ. ಮೈಯೆಲ್ಲ ಊದ್ಕೊಂಡಿದೆ. ನಾಳೆವರೆಗೂ ಹೆಂಗಮ್ಮ ಇರೋದು?"

ಕಲಾವತಿ ಫೋನಿನಲ್ಲಿ ಬೆಂಗಳೂರಿನ ಕನ್ನಡವನ್ನೇ ಆಡಲು ಅಭ್ಯಾಸ ಮಾಡಿಕೊಂಡಿದ್ದಳು. ಆ ಹೊತ್ತಿಗೆ ಅದೆಲ್ಲ ಜಾರಿಹೋಯಿತು. "ಅಳಬ್ಯಾಡ್ರಿ. ನೀವು ಅತ್ರ ಅವರು ಹೆದರ್ತಾರ. ಫೋನ್ ಇಡ್ರಿ, ಹತ್ತು ನಿಮಿಷದಾಗ ನಾನ ಮಾಡ್ತೀನಿ," ಎಂದಳು. ಸುತ್ತಮುತ್ತಲಿನ ಐದಾರು ಕಡೆ ಕೇಳಿ, ಬಸವೇಶ್ವರನಗರದ ಒಂದು ಆಸ್ಪತ್ರೆಯಲ್ಲಿ ಜಾಗ ಹಿಡಿದು, ಆಂಬುಲೆನ್ಸಿನವನಿಗೂ ಹೇಳಿ ಕಳಿಸಿದಳು. ಸಂಜೆ ತುಂಗಾ ಫೋನ್ ಮಾಡಿ, "ಬದುಕಿದ ಕಣೇ," ಎಂದಳು. ಆಮೇಲೆ ಕೇಳಿದ್ದು, "ನೀನು ಊಟ ಮಾಡಿದ್ಯಾ?"

ಅಲ್ಲಿಂದ ದಿನವೂ ಫೋನು. ನಾಣಿಗೆ ದಿನಕ್ಕೆ ಮೂರೇ ಲೋಟ ನೀರು ಎಂದು ಡಾಕ್ಟರು ಕಟ್ಟು ಹಾಕಿದ್ದರು. "ಮುಖ ತೊಳ್ಕೊಳ್ಳೋ ನೆಪದಲ್ಲಿ ನಲ್ಲೀಲಿ ಕುಡಿದ್ಬಿಡ್ತಾನೆ ಕಣೇ, ಕಳ್ಳ. ನೀನೇ ಹೇಳು ಅವನಿಗೆ," ಎಂದು ತುಂಗಾ ಫೋನನ್ನು ಗಂಡನ ಕಿವಿಗೆ ಹಿಡಿಯುತ್ತಿದ್ದಳು. ನಾಣಿ, "ಆಯ್ತಮ್ಮ ತಾಯಿ, ಐಸಿನ ಚೂರು ಚೀಪ್ತೀನಿ," ಎಂದು ಶಾಲೆಯ ಹುಡುಗನ ಹಾಗೆ ಒಪ್ಪಿಕೊಳ್ಳುತ್ತಿದ್ದ. ಸಾರಿಗೆ ಎಷ್ಟು ಉಪ್ಪು, ಬಾಳೆಹಣ್ಣು ಯಾಕೆ ತಿನ್ನಬಾರದು, ನಿದ್ದೆ ಬಾರದಿದ್ದರೆ ಏನು ಮಾಡುವುದು, ಎಲ್ಲಕ್ಕೂ ಕಲಾವತಿಯೇ.

"ನೀನು ಹೇಗಿದೀಯ ಅಂತ ಹೇಳ್ಲಾ?" ಎಂದಳು ತುಂಗಾ ಒಂದು ದಿನ. "ದುಂಡು ಮುಖ. ಉದ್ದ ಜಡೆ. ನಕ್ಕರೆ ಕೆನ್ನೇಲಿ ಗುಳಿ ಬೀಳತ್ತೆ. ಹೌದೋ ಅಲ್ವೋ?"

ಕಲಾವತಿ ನಕ್ಕಳು. ಅಲ್ಲ ಎನ್ನಲಿಲ್ಲ. ಜಡೆಯಂತೂ ನಿಜವಾಗಿಯೂ ಉದ್ದವಿತ್ತು.

ನೋಡಬೇಕು ಎಂದು ತುಂಗಾ ಕೇಳಿದಾಗಲೆಲ್ಲ, "ನಾನು ಬೇರೆ ಕಡೆ ಆಫೀಸಲ್ಲಿ ಕೂರ್ತೀನಿ ಆಂಟಿ, ನಾಗರಬಾವಿ ಹತ್ರ," ಎನ್ನುತ್ತಿದ್ದಳು. ಅದನ್ನು ಸಮರ್ಥ ಹೇಳಿಕೊಟ್ಟಿರಲಿಲ್ಲ. ಅವಳೇ ಕಟ್ಟಿದ ಸುಳ್ಳು. ವಾರಕ್ಕೆ ಮೂರು ದಿನ, ಬಾಗಿಲಿನ ಆ ತೂತಿನಿಂದ ಅವಳು ತುಂಗಾಳನ್ನು ನೋಡುತ್ತಿದ್ದಳು. ಸಣಕಲು ದೇಹ, ಕೈಮಗ್ಗದ ಸೀರೆ, ಮಡಿಲಲ್ಲಿ ಫ್ಲಾಸ್ಕು. ಗಂಡ ಒಳಗೆ ಯಂತ್ರಕ್ಕೆ ಅಂಟಿಕೊಂಡಿರುವ ನಾಲ್ಕೂ ಗಂಟೆ ಟಿ.ವಿ.ಯ ಕೆಳಗಿನ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಒಮ್ಮೊಮ್ಮೆ ತುಂಗಾ ಅಲ್ಲಿಂದಲೇ ಬ್ಯಾಗಿನಿಂದ ಮೊಬೈಲು ತೆಗೆದು ಒತ್ತುವುದು ಕಾಣಿಸುತ್ತಿತ್ತು. ಇತ್ತ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳುತ್ತಿತ್ತು. ಕಲಾವತಿ ಓಡಿ ಬಂದು ಎತ್ತಿ, ಬಾಯಿಗೆ ಅಂಗೈ ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ ಮೆಲ್ಲಗೆ ಮಾತಾಡುತ್ತಿದ್ದಳು. ಹದಿನೈದು ಹೆಜ್ಜೆ ದೂರದಲ್ಲಿ ಕೂತು ಆ ಮುದುಕಿ, "ನೀನು ಒಂದು ಸಲನಾದ್ರೂ ಈ ಕಡೆ ಬಾರೇ," ಎನ್ನುತ್ತಿದ್ದಳು.

ಹೀಗೆ ಎರಡು ವರ್ಷ ನಡೆಯಿತು.

ಒಂದು ಬುಧವಾರ ಬೆಳಗ್ಗೆ ಹತ್ತೂವರೆಗೆ ಫೋನ್ ಬಂತು. ತುಂಗಾಳ ದನಿಯಲ್ಲಿ ಅಳುವಿರಲಿಲ್ಲ.

"ನಾಳೆ ನಮ್ಮ ನಾಣಿ ಬರಲ್ಲ ಕಣಮ್ಮ. ಆ ಬೆಡ್ ಬೇರೆ ಯಾರಿಗಾದ್ರೂ ಕೊಟ್ಬಿಡು. ಪಾಪ, ಕಾಯ್ತಾ ಇರೋರು ಇರ್ತಾರೆ."

ಕಲಾವತಿಯ ದನಿಯೇ ಏಳಲಿಲ್ಲ. ತುಂಗಾಳೇ ಆ ಕಡೆಯಿಂದ, "ಅಳಬೇಡ ಕಣೇ," ಎಂದು ಸಮಾಧಾನ ಮಾಡಿ ಫೋನ್ ಇಟ್ಟಳು. ಕಲಾವತಿ ಗುರುವಾರದ ಪಟ್ಟಿಯಲ್ಲಿ ಆ ಹೆಸರನ್ನು ಅಳಿಸಿ, ಅಲ್ಲಿ ಇನ್ನೊಬ್ಬರ ಹೆಸರು ಬರೆದಳು. ಅದು ಅವಳ ಕೆಲಸವಾಗಿತ್ತು.

ಹದಿಮೂರು ದಿನದ ಕರ್ಮ ಮುಗಿದು ಎರಡನೆಯ ದಿನವೋ ಮೂರನೆಯ ದಿನವೋ, ತುಂಗಾ ಒಬ್ಬಳೇ ಸೆಂಟರಿಗೆ ಬಂದಳು. ಮಧ್ಯಾಹ್ನದ ಹೊತ್ತು, ಹಾಲಿನಲ್ಲಿ ಏಳೆಂಟು ಜನ. ಕಲಾವತಿ ತೂತಿಗೆ ಕಣ್ಣಿಟ್ಟಳು. ತುಂಗಾ ಇನ್ನೂ ಬಡವಾಗಿದ್ದಳು. ಮಡಿಲಲ್ಲಿ ಫ್ಲಾಸ್ಕಿಲ್ಲ. ಕೈಯಲ್ಲಿ ಒಂದು ಕಾಗದದ ಚೀಲವಿತ್ತು.

"ಕಲಾವತಿ ಅಂತ ಫೋನಲ್ಲಿ ಮಾತಾಡ್ತಾಳಲ್ಲಮ್ಮ, ಅವಳ ಆಫೀಸು ನಾಗರಬಾವೀಲಿ ಎಲ್ಲಿ ಬರತ್ತೆ? ಅಡ್ರೆಸ್ ಬರ್ಕೊಡ್ತೀಯಾ?" ಎಂದು ಕೇಳಿದಳು ರಾಗಿಣಿಯನ್ನು.

ರಾಗಿಣಿ ತಡವರಿಸಿ ಸಮರ್ಥನನ್ನು ಕರೆದಳು. ಸಮರ್ಥ ಬಂದು, "ಆಂಟಿ, ಅವ್ರು ಇವತ್ತು ಲೀವಲ್ಲಿದಾರೆ. ಏನಾದ್ರೂ ಕೊಡೋದಿದ್ರೆ ಕೊಡಿ, ನಾನು ತಲುಪಿಸ್ತೀನಿ," ಎಂದ.

"ಇಲ್ಲಪ್ಪ, ಕೈಯಲ್ಲೇ ಕೊಡ್ಬೇಕು. ಪರವಾಗಿಲ್ಲ, ಮನೆ ಅಡ್ರೆಸ್ಸಾದ್ರೂ ಕೊಡು. ಆಟೋ ಹೊರಗೇ ನಿಲ್ಲಿಸಿದೀನಿ. ಅವಳ ಕಡೆ ಸೀರೇನೇ ತಗೋಬೇಕು ಅಂತ ಇಳಕಲ್ ಸೀರೆ ಹುಡುಕೋಕೆ ಇಡೀ ವಿಜಯನಗರ ಸುತ್ತಿದೀನಿ." ತುಂಗಾ ನಗಲು ನೋಡಿದಳು. "ನನಗೆ ಈಗ ಇನ್ನೇನು ಕೆಲ್ಸ, ಹುಡ್ಕೊಂಡು ಹೋಗ್ತೀನಿ ಬಿಡಿ."

ಇಲ್ಲದ ಆಫೀಸನ್ನು ಹುಡುಕುತ್ತ ಆ ಜೀವ ಬಿಸಿಲಲ್ಲಿ ಆಟೋದಲ್ಲಿ ಅಲೆಯುವುದು ಕಲಾವತಿಯ ಕಣ್ಣಿಗೆ ಕಟ್ಟಿತು. ಅದನ್ನು ಸಹಿಸುವುದು ಅವಳಿಂದಾಗಲಿಲ್ಲ. ಅದಷ್ಟೇ ಕಾರಣ ಎಂದರೆ ಪೂರ್ತಿ ನಿಜವಲ್ಲ. ಎರಡು ವರ್ಷ ತನ್ನನ್ನು ಮಗಳಂತೆ ಮಾತಾಡಿಸಿದ ಒಬ್ಬಳು ಈ ಊರಿನಲ್ಲಿದ್ದಾಳೆ. ಅವಳಾದರೂ ತನ್ನನ್ನು ನೋಡಲಿ ಎಂಬ ಆಸೆ ಮೂರು ಬೀಗ ಹಾಕಿದರೂ ಒಳಗೆ ನಿಲ್ಲದಷ್ಟು ಬೆಳೆದಿತ್ತು. ಅವಳು ಜಡೆ ಸರಿಮಾಡಿಕೊಂಡಳು. ಬಾಗಿಲು ತೆರೆದು ಹಾಲಿಗೆ ಬಂದಳು.

"ಆಂಟಿ," ಎಂದಳು. "ನಾನ್ರೀ, ಕಲಾವತಿ."

ದನಿ ಕೇಳಿದ ತಕ್ಷಣ ತುಂಗಾಳ ಮುಖ ಅರಳಿತು. ಅರಳಿದ ಮುಖವನ್ನು ಹೊತ್ತುಕೊಂಡೇ ಅವಳು ತಿರುಗಿದಳು. ತಿರುಗಿ ನೋಡಿದಳು.

"ಅಯ್ಯಯ್ಯೋ!"

ಅದು ಮಾತಲ್ಲ, ಬಾಯಿಂದ ಜಾರಿದ ಉಸಿರು. ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಒಂದು ಕೈ ಬಾಯಿಯ ಮೇಲೆ ಹೋಯಿತು, ಇನ್ನೊಂದು ಕೈ ಚೀಲವನ್ನು ಎದೆಗೆ ಅವುಚಿಕೊಂಡಿತು. ಕುರ್ಚಿಯಲ್ಲಿ ಕೂತಿದ್ದವರೆಲ್ಲ ಇತ್ತ ತಿರುಗಿದರು. ಕಲಾವತಿ ಚಾಚಿದ್ದ ಕೈಗಳನ್ನು ಇಳಿಸಬೇಕೋ ಬೇಡವೋ ತಿಳಿಯದೆ ಹಾಗೇ ನಿಂತಿದ್ದಳು.

ಐದು ಕ್ಷಣವೋ ಆರೋ, ಅದಕ್ಕಿಂತ ಹೆಚ್ಚಿರಲಾರದು. ತುಂಗಾ ಸಾವರಿಸಿಕೊಂಡಳು. ಕೆಟ್ಟ ಹೆಂಗಸಲ್ಲ ಅವಳು. "ಏನಮ್ಮಾ ಇದು... ಯಾವಾಗ ಆಗಿದ್ದು... ನೀನು ಹೇಳ್ಲೇ ಇಲ್ವಲ್ಲ," ಎಂದು ಏನೇನೋ ಹೇಳಿದಳು. ಅವಳ ಕಣ್ಣು ಕಲಾವತಿಯ ಭುಜದ ಮೇಲೆ, ಹಿಂದಿನ ಗೋಡೆಯ ಮೇಲೆ, ನೆಲದ ಮೇಲೆ ಓಡಾಡುತ್ತಿತ್ತು. ಕೊನೆಗೆ ಚೀಲ ಕೊಡಲು ಮುಂದೆ ಬಂದಳು. ಬಂದವಳು ಅದನ್ನು ಕೌಂಟರಿನ ಮೇಲಿಟ್ಟಳು. ಕಲಾವತಿಯ ಕೈ ಅಲ್ಲೇ, ಒಂದು ಗೇಣು ದೂರದಲ್ಲಿತ್ತು.

"ಬರ್ತೀನಮ್ಮಾ. ಆಟೋ ಕಾಯ್ತಾ ಇದೆ," ಎಂದು ತುಂಗಾ ಮೆಟ್ಟಿಲಿಳಿದು ಹೋದಳು.

ಸಮರ್ಥ ಬೈಯಲಿಲ್ಲ. ಬೈದಿದ್ದರೆ ಕಲಾವತಿಗೆ ಎದುರು ಹೇಳಲು ನೂರು ಮಾತಿದ್ದವು. ಮೂರು ವರ್ಷದಿಂದ ಒಂದೊಂದನ್ನೇ ತಿದ್ದಿ ತೀಡಿ ಇಟ್ಟುಕೊಂಡಿದ್ದಳು. ಅವನು ಹತ್ತಿರ ಬಂದು, ನಿಜವಾಗಿಯೂ ನೊಂದ ದನಿಯಲ್ಲಿ, "ಇದಕ್ಕೇ ಕಲಾವತಿ, ಇದಕ್ಕೇ ನಾನು ಬೇಡ ಅಂದಿದ್ದು," ಎಂದ. ಆ ನೂರು ಮಾತಿನಲ್ಲಿ ಒಂದೂ ಅವಳ ಬಾಯಿಗೆ ಬರಲಿಲ್ಲ. ಅವನು ಗೆದ್ದಿದ್ದ, ಅದೂ ತನಗೆ ಬೇಡದೆ ಗೆದ್ದಿದ್ದ. ಬಾಗಿಲಿನಿಂದ ಒಳಗೆ ಬರುವಾಗಲೇ ಜನ ದಿನವೂ ತನ್ನನ್ನು ನೋಡುತ್ತಿದ್ದರೆ, ಮೊದಲ ದಿನ ಬೆಚ್ಚಿ ಎರಡನೆಯ ದಿನ ಮರೆಯುತ್ತಿದ್ದರು. ಎರಡು ವರ್ಷ ಬಚ್ಚಿಟ್ಟು ತೋರಿಸಿದರೆ ಯಾರಾದರೂ ಬೆಚ್ಚಬೇಕಾದದ್ದೇ. ಈ ಮಾತು ಅವಳಿಗೆ ಹೊಳೆದದ್ದು ಎಷ್ಟೋ ದಿನದ ಮೇಲೆ, ಬಟ್ಟೆ ಹಿಂಡುವಾಗ. ಆಗ ಕೇಳಲು ಸಮರ್ಥ ಎದುರಿಗಿರಲಿಲ್ಲ.

ಅಂದು ರಾಗಿಣಿ ಕೌಂಟರ್ ಬಿಟ್ಟು ಒಳಕೋಣೆಗೆ ಬಂದು ಅವಳನ್ನು ತಬ್ಬಿಕೊಂಡು ಅತ್ತಳು. ಕಲಾವತಿ ಅಳಲಿಲ್ಲ. ಎರಡೂ ಫೋನು ಹೊಡೆದುಕೊಳ್ಳುತ್ತಿದ್ದವು. ಅವಳು ಒಂದನ್ನು ಎತ್ತಿ, ಎಂದಿನ ದನಿಯಲ್ಲಿ, "ನಮಸ್ಕಾರ, ಹೇಳಿ," ಎಂದಳು.

ನಾಲ್ಕು ದಿನದ ಮೇಲೆ ತುಂಗಾಳ ಫೋನ್ ಬಂತು. ನಂಬರು ನೋಡಿಯೇ ಕಲಾವತಿ ಗುರುತು ಹಿಡಿದಳು. ಎತ್ತದೆ ಬಿಡುವಂತಿಲ್ಲ.

"ಹಲೋ, ಕಲಾವತಿ ಇದಾಳಾ?"

ಕಲಾವತಿ ತನ್ನ ದನಿಯನ್ನು ಸ್ವಲ್ಪ ಮೇಲಕ್ಕೆ ಎಳೆದು, ಇಲ್ಲದ ಅವಸರ ತಂದುಕೊಂಡು, "ಅವ್ರು ಕೆಲ್ಸ ಬಿಟ್ರು ಮೇಡಂ," ಎಂದಳು.

ಆ ಕಡೆ ಎಲ್ಲಿಯೋ ಕುಕ್ಕರ್ ಕೂಗಿತು.

"ಹೌದಾ," ಎಂದಳು ತುಂಗಾ. "ನಿನಗೆ ಅವಳು ಸಿಕ್ತಾಳೇನಮ್ಮ? ಸಿಕ್ಕಿದ್ರೆ ಒಂದು ಮಾತು ಹೇಳ್ತೀಯಾ? ಆ ಮುದುಕಿ ನಾಲ್ಕು ದಿನದಿಂದ ಊಟಕ್ಕೆ ಕೂತ್ರೆ ಎದ್ದು ಬರ್ತಾಳೆ ಅಂತ ಹೇಳು. ಕಾಲು ಯಾಕೆ ಹಿಂದಕ್ಕೆ ಹೋಯ್ತೋ ಅವಳಿಗೇ ಗೊತ್ತಿಲ್ವಂತೆ ಅಂತ ಹೇಳು. ನಾಣಿ ಹೆಣ ಮುಂದಿಟ್ಕೊಂಡು ಕೂತಾಗ್ಲೂ ಹೆದ್ರದೇ ಇರೋಳು, ಹೆತ್ತ ಮಗಳಂಥವಳನ್ನ ನೋಡಿ ಹೆದ್ರಿದಳಲ್ಲ ಅಂತ... ಹೇಳ್ತೀಯಾ?"

"ಹೇಳ್ತೀನಿ ಮೇಡಂ."

"ಸರಿ ಕಣಮ್ಮ." ಫೋನ್ ಇಡದೆ ತುಂಗಾ ಕೇಳಿದಳು, "ಊಟ ಆಯ್ತಾ?"

"ಆಯ್ತ್ರಿ," ಎಂದುಬಿಟ್ಟಳು ಕಲಾವತಿ.

ಇಬ್ಬರೂ ಫೋನ್ ಹಿಡಿದು ಹಾಗೇ ಕೂತರು. ಇಬ್ಬರಿಗೂ ಗೊತ್ತಿತ್ತು. ಮೊದಲು ಇಟ್ಟವಳು ಕಲಾವತಿ.

ಆ ತಿಂಗಳ ಕೊನೆಗೆ ಅವಳು ನಿಜವಾಗಿಯೂ ಕೆಲಸ ಬಿಟ್ಟಳು. ಸಮರ್ಥ ಇರಿ ಎಂದು ಬೇಡಿಕೊಂಡ. ಆದರೆ ಫೋನು ಎತ್ತಿದಾಗಲೆಲ್ಲ ಅವಳ ದನಿ ಒಡೆಯುತ್ತಿತ್ತು. ಒಡೆದ ದನಿ ಇಟ್ಟುಕೊಂಡು ಹೆದರಿದವರಿಗೆ ಧೈರ್ಯ ಹೇಳುವುದು ಹೇಗೆ? ದನಿ ಸ್ವಲ್ಪ ಸರಿಯಾದ ಮೇಲೆ ಬೇರೆ ಕಡೆಯ ಫೋನಿನ ಕೆಲಸಗಳಿಗೂ ಪ್ರಯತ್ನಿಸಿದಳು. ಈಗೆಲ್ಲ ಇಂಟರ್‌ವ್ಯೂ ಕೂಡ ಮೊಬೈಲಿನಲ್ಲೇ ಮುಖ ನೋಡಿಕೊಂಡು. "ಮೇಡಂ, ಕ್ಯಾಮೆರಾ ಆನ್ ಮಾಡಿ," ಎನ್ನುತ್ತಿದ್ದರು. ಆನ್ ಮಾಡುತ್ತಿದ್ದಳು. ಆಮೇಲೆ ನೆಟ್‌ವರ್ಕ್ ಸರಿಯಿಲ್ಲ, ಮತ್ತೆ ಮಾಡುತ್ತೇವೆ ಎಂದು ಇಡುತ್ತಿದ್ದರು. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಗಳನ್ನು ಆರಿಸಿ ಚೀಲಕ್ಕೆ ತುಂಬುವ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಅವಳ ಮುಖ ನೋಡಲಿಲ್ಲ, ಎಲ್ಲರ ತಲೆಯೂ ತಗ್ಗಿಯೇ ಇರುತ್ತಿತ್ತು. ಮಾತಾಡುವ ಹಾಗೂ ಇರಲಿಲ್ಲ. ಯಂತ್ರದ ಸದ್ದಿಗೆ ಪಕ್ಕದವರು ಕೂಗಿದರೂ ಕೇಳಿಸದು. ಮನೆಯಲ್ಲಿಯೂ ಅವಳ ಮಾತು ಕಡಿಮೆಯಾಯಿತು. "ಏನರ ಮಾತಾಡವ್ವಾ, ಮನಿ ಬಿಕೋ ಅನ್ನಾಕತ್ತೈತಿ," ಎನ್ನುತ್ತಿದ್ದಳು ಕಸ್ತೂರೆವ್ವ.

ಐದಾರು ತಿಂಗಳ ಮೇಲೆ ರಾಗಿಣಿ ಸಿಕ್ಕಿದಳು. ಅವಳೂ ಆ ಕೆಲಸ ಬಿಡುವುದರಲ್ಲಿದ್ದಳು, ಕನ್ನಡಕ ಹಾಕಿಕೊಂಡಿದ್ದಳು. "ತುಂಗಾ ಆಂಟಿ ಎರಡು ಸಲ ಬಂದಿದ್ರು ಅಕ್ಕ. ನಿನ್ ಮನೆ ಅಡ್ರೆಸ್ ಕೇಳಿದ್ರು. ನಿನ್ನ ಕೇಳ್ದೆ ಹೆಂಗ್ ಕೊಡ್ಲಿ ಅಂತ ಕೊಡ್ಲಿಲ್ಲ. ತಪ್ಪಾಯ್ತಾ?"

"ಛಲೋ ಮಾಡಿದಿ," ಎಂದಳು ಕಲಾವತಿ. ಆದರೆ ಅಂದಿನಿಂದ ಅವಳಿಗೆ ನೆಮ್ಮದಿ ಹೋಯಿತು. ತುಂಗಾಳ ನಂಬರು ಅವಳಿಗೆ ಬಾಯಿಪಾಠ. ಫೋನ್ ತೆಗೆದು, ಒತ್ತಿ, ಹೋಗುವ ಮೊದಲೇ ಕತ್ತರಿಸುತ್ತಿದ್ದಳು. ಫೋನಿನಲ್ಲಿ ಬೇಡ ಎನ್ನಿಸುತ್ತಿತ್ತು. ಮೂರು ಭಾನುವಾರ ಹೊರಟು ನಿಂತು ಹೋಗಲಿಲ್ಲ. ನಾಲ್ಕನೆಯ ಭಾನುವಾರ, ಆ ಇಳಕಲ್ ಸೀರೆಯನ್ನು ಮೊದಲ ಬಾರಿಗೆ ಉಟ್ಟು, ಮಹಾಲಕ್ಷ್ಮಿ ಲೇಔಟಿಗೆ ಹೋದಳು. ಅಡ್ರೆಸ್ಸೂ ಅವಳಿಗೆ ಬಾಯಿಪಾಠವೇ. ಆಂಬುಲೆನ್ಸಿನವನಿಗೆ ಅವಳೇ ಹೇಳಿದ್ದಳಲ್ಲ.

ಗೇಟಿಗೆ ಬೀಗವಿತ್ತು. ಬೀಗದ ಮೇಲೆ ಬಾಡಿಗೆಗೆ ಮನೆ ಇದೆ ಎಂಬ ಬೋರ್ಡು. ಪಕ್ಕದ ಮನೆಯ ಹೆಂಗಸು ಕುಂಡಗಳಿಗೆ ನೀರು ಹಾಕುತ್ತಿದ್ದವಳು, ಇತ್ತ ತಿರುಗಿ ಒಮ್ಮೆ ನೋಡಿ, ಮತ್ತೆ ಕುಂಡದ ಕಡೆ ತಿರುಗಿ ಕೇಳಿದಳು, "ಮನೆ ನೋಡೋಕೆ ಬಂದ್ರಾ?"

"ಇಲ್ಲ ಆಂಟಿ. ತುಂಗಾ ಆಂಟಿನ ನೋಡ್ಬೇಕಿತ್ತು."

"ಅವ್ರು ತಂಗಿ ಮನೆಗೆ ಹೋಗ್ಬಿಟ್ರಲ್ಲ, ತಿಪಟೂರಿಗೆ. ಒಂದು ತಿಂಗಳಾಯ್ತು. ಕಣ್ಣಿಗೆ ಪೊರೆ ಬಂದು ಏನೂ ಸರಿಯಾಗಿ ಕಾಣ್ತಿರ್ಲಿಲ್ಲ ಪಾಪ. ಮೊಬೈಲ್ ನಂಬರ್ ಇದೆ, ಕೊಡ್ಲಾ? ಮಾತಾಡಿ, ಖುಷಿ ಪಡ್ತಾರೆ."

"ಮಾತಾಡೋದಕ್ಕಲ್ಲ ಆಂಟಿ ಬಂದಿದ್ದು," ಎಂದಳು ಕಲಾವತಿ. "ಇನ್ನೊಂದ್ಸಲ ನನ್ನ ನೋಡ್ಲಿ ಅಂತ ಬಂದಿದ್ದೆ."

ಆ ಹೆಂಗಸಿಗೆ ಅರ್ಥವಾಗಲಿಲ್ಲ. ಯಾರು ಬಂದಿದ್ದರೆಂದು ಹೇಳಲಿ ಎಂದು ಕೇಳಿದಳು. ಕಲಾವತಿ ಹೆಸರು ಹೇಳದೆ ಕೈಮುಗಿದು ಬಸ್ಸಿಗೆ ನಡೆದಳು. ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಕಿಟಕಿಯ ಪಕ್ಕ ಕೂತು, ಹೊಸ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಾಗಡಿ ರಸ್ತೆ ಬರುವವರೆಗೂ ಅತ್ತಳು. ಮುಂದಿನ ಸೀಟಿನವರು ಒ‌ಮ್ಮೆ ತಿರುಗಿ ನೋಡಿದರು.

ಸೋಮವಾರ ಎಂಟು ಗಂಟೆಗೆ ಅವಳು ಕಾರ್ಖಾನೆಯಲ್ಲಿದ್ದಳು. ಈಗಲೂ ಅಲ್ಲೇ ಇದ್ದಾಳೆ.